ಚಿತ್ರವನ್ನು ಕೋಲಿಗೆ ಸುಡಬೇಕಂತೆ!

ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಳ್ಳಿ ಅಂತ ಹೇಳೋದು ಸುಲಭ. ಹೇಗೆ ಹಾಕ್ಕೋಬೇಕು ಅಂತ ನಮ್ಮ ಊರಿನವರಿಗೆ ತಿಳಿಯೋ ಹಾಗೆ ಬರೆದುಕೊಡೋರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಬೆಂಗಳೂರಿನ ಆಫೀಸುಗಳಲ್ಲಿ ಇದು ಅಷ್ಟು ದೊಡ್ಡ ವಿಷಯ ಆಗಲಿಲ್ಲ. ಐಟಿ ವಿಭಾಗದಿಂದ ಒಂದು ಇಮೇಲ್ ಬಂತು, ಕೆಲವರಿಗೆ ಹೊಸ ಲ್ಯಾಪ್‌ಟಾಪೂ ಬಂತು. ಬಿಸಿ ತಟ್ಟಿದ್ದು ಊರಲ್ಲಿ. ಯಾಕೆಂದರೆ ನಮ್ಮಲ್ಲಿ ಬಹಳ ಜನ ಹೊಸದು ಕೊಂಡ ತಕ್ಷಣ ಹಳೆಯ ಲ್ಯಾಪ್‌ಟಾಪನ್ನು ಊರಿಗೆ ದಾಟಿಸಿದವರು. ತಮ್ಮನ ಓದಿಗೆ, ತಂಗಿಯ ಆನ್‌ಲೈನ್ ಅರ್ಜಿಗೆ, ಅಪ್ಪನ ಪಹಣಿ ನೋಡೋದಕ್ಕೆ ಅಂತ ಅದು ಅಲ್ಲಿ ಇನ್ನೂ ದುಡಿಯುತ್ತಿದೆ.

ಆ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೇಳುತ್ತದೆ, ಸರಿಸುಮಾರು 2018ರಿಂದ ಈಚಿನ ಪ್ರೊಸೆಸರ್ ಕೇಳುತ್ತದೆ. ಹತ್ತು ವರ್ಷ ಹಳೆಯ ಮಷೀನಿನಲ್ಲಿ ಇವೆರಡೂ ಇರೋದು ಕಷ್ಟ. ಮೈಕ್ರೋಸಾಫ್ಟ್ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೊಂದನ್ನು ಇಟ್ಟಿದೆ. ಆಮೇಲೆ? ಒಂದೋ ಅಪ್‌ಡೇಟ್ ಇಲ್ಲದ ಮಷೀನಿನಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವುದು, ಇಲ್ಲಾ ಯಾರದೋ ಅಂಗಡಿಯಲ್ಲಿ ಕಳ್ಳ ಕಾಪಿ ಹಾಕಿಸುವುದು, ಇಲ್ಲಾ ಗುಜರಿಗೆ ಕೊಡುವುದು.

ನಾಲ್ಕನೆಯ ದಾರಿ ಲಿನಕ್ಸ್. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಮಷೀನಿನಲ್ಲಿ ಓಡುತ್ತದೆ, ಪ್ರತಿ ಮಾಡಿ ನಾಲ್ಕು ಜನಕ್ಕೆ ಹಂಚಿದರೂ ಕಾನೂನು ತಪ್ಪಲ್ಲ. ಇಷ್ಟೆಲ್ಲಾ ಇದ್ದೂ ಅದು ಊರಿನ ಮನೆಗಳಿಗೆ ಹೋಗದೇ ಇರೋದಕ್ಕೆ ಕಾರಣ ಲಿನಕ್ಸಿನದಲ್ಲ, ಅದರ ಕೈಪಿಡಿಯದ್ದು ಅಂತ ನನ್ನ ಲೆಕ್ಕ.

ಸಿಂಗಟಗೆರೆಯ ಒಂದು ಮಧ್ಯಾಹ್ನ

ನಮ್ಮ ಚಿಕ್ಕಪ್ಪನ ಮನೆ ಸಿಂಗಟಗೆರೆಯಲ್ಲಿ. ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಕಾಫಿ ತೋಟ, ಮಂಜು ಅಂತ ಅಂದುಕೊಳ್ಳಬೇಡಿ. ನಮ್ಮದು ಬಯಲುಸೀಮೆ ಕಡೆ. ರಾಗಿ, ತೆಂಗು, ಅಡಿಕೆ, ಮಳೆ ಬಂದರೆ ಖುಷಿ. ಚಿಕ್ಕಪ್ಪನ ಮಗಳು ಬಿಕಾಂ ಮುಗಿಸಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಅವಳ ಹತ್ತಿರ ಇರುವುದು 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್. ಅದರಲ್ಲೇ ಅವಳ ನೋಟ್ಸು, ಅಂಕಪಟ್ಟಿಗಳ ಸ್ಕ್ಯಾನು, ತೀರಿಹೋದ ಅಜ್ಜಿಯ ಕೊನೆಯ ವರ್ಷಗಳ ಫೋಟೊಗಳು. ಬೇರೆ ಪ್ರತಿ ಎಲ್ಲೂ ಇಲ್ಲ.

ಲಿನಕ್ಸ್ ಹಾಕಿಕೊಳ್ಳುವ ಧೈರ್ಯ ಅವಳಿಗಿತ್ತು. ಇಂಗ್ಲಿಷಿನ ಮಾರ್ಗದರ್ಶಿಯೊಂದನ್ನು ಫೋನಿನಲ್ಲಿ ತೆಗೆದು, ಯಂತ್ರಾನುವಾದದ ಗುಂಡಿ ಒತ್ತಿ ಓದುತ್ತಾ ಕೂತಿದ್ದಳು. ಮೂರನೇ ಸಾಲಿಗೇ ನನಗೆ ಫೋನ್ ಬಂತು.

"ಅಕ್ಕ, ಚಿತ್ರವನ್ನು ಕೋಲಿಗೆ ಸುಡಿರಿ ಅಂತಿದೆ. ಯಾವ್ ಚಿತ್ರ? ಯಾಕ್ ಸುಡ್ಬೇಕು?"

ನಕ್ಕು ನಕ್ಕು ಸಾಕಾಯಿತು. ಆದರೆ ತಪ್ಪು ಪೂರ್ತಿ ಯಂತ್ರದ್ದಲ್ಲ. ಇಂಗ್ಲಿಷಿನಲ್ಲೂ 'ಇಮೇಜ್', 'ಬರ್ನ್', 'ಸ್ಟಿಕ್' ಅಂತಲೇ ಬರೆದಿರುತ್ತಾರೆ. ಸಿಡಿಗೆ ಲೇಸರಿನಿಂದ ಬರೆಯುತ್ತಿದ್ದ ಕಾಲದ ಮಾತು ಅದು. ಸಿಡಿ ಹೋಯಿತು, ಸುಡುವ ಮಾತು ಉಳಿಯಿತು. ಇಂಗ್ಲಿಷ್ ಬಲ್ಲ ಹೊಸಬರೂ ಅಲ್ಲಿ ತಡವರಿಸುತ್ತಾರೆ. ಹೇಳಬೇಕಿದ್ದದ್ದು ಇಷ್ಟೇ: "ಡೌನ್‌ಲೋಡ್ ಮಾಡಿದ ಫೈಲನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಆಗೋದಿಲ್ಲ. ಅದಕ್ಕೆ ಅಂತಲೇ ಇರುವ ರೂಫಸ್ ಅಥವಾ ಎಚರ್ ಅನ್ನುವ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದದ್ದೆಲ್ಲಾ ಅಳಿಸಿ ಹೋಗುತ್ತದೆ."

ಇನ್ನೊಂದು ಕಡೆ ಅವಳು ನಿಂತದ್ದು ನಗುವ ವಿಷಯ ಆಗಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದು ಪರದೆ ಬರುತ್ತದೆ. ವಿಂಡೋಸ್ ಪಕ್ಕದಲ್ಲೇ ಇರಲಿ ಅನ್ನುವುದು ಒಂದು ಆಯ್ಕೆ, 'ಎರೇಸ್ ಡಿಸ್ಕ್' ಅನ್ನುವುದು ಇನ್ನೊಂದು, 'ಸಮ್‌ಥಿಂಗ್ ಎಲ್ಸ್' ಮತ್ತೊಂದು. ಅವಳ ಮಾರ್ಗದರ್ಶಿಯಲ್ಲಿ ಈ ಪರದೆಗೆ ಸಿಕ್ಕಿದ್ದು ಒಂದೂವರೆ ಸಾಲು: ನಿಮಗೆ ಸರಿ ಅನ್ನಿಸಿದ್ದನ್ನು ಆರಿಸಿ ಮುಂದೆ ಹೋಗಿ, ಅಂತ. ಅಜ್ಜಿಯ ಫೋಟೊ ಉಳಿಯೋದು, ಹೋಗೋದು ಅದೊಂದು ಗುಂಡಿಯ ಮೇಲಿದೆ. ಅವಳು ಮುಂದೆ ಹೋಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಅವಳು ಮಾಡಿದ್ದೇ ಸರಿ.

ಮಾರ್ಗದರ್ಶಿ ಬರೆಯುವವರಿಗೆ ಎಲ್ಲ ಪರದೆಗಳೂ ಒಂದೇ. ಹೊಸಬರಿಗೆ ಹಾಗಲ್ಲ. ಹತ್ತು ಪರದೆಗಳಲ್ಲಿ ಒಂಬತ್ತರಲ್ಲಿ ಏನು ಒತ್ತಿದರೂ ಹಿಂದೆ ಬರಬಹುದು, ಒಂದರಲ್ಲಿ ಬರೋಕಾಗಲ್ಲ. ಆ ಒಂದು ಯಾವುದು ಅಂತ ಮೊದಲ ಪುಟದಲ್ಲೇ ಹೇಳಿದರೆ ಉಳಿದ ಒಂಬತ್ತರ ಭಯ ತಾನಾಗೇ ಇಳಿಯುತ್ತದೆ.

ಕಂಪ್ಯೂಟರ್ ಆನ್ ಮಾಡುವ ಮೊದಲಿನ ಪುಟ

ಲಿನಕ್ಸಿನ ಕೈಪಿಡಿ ಪರಂಪರೆ ಹಳೆಯದು. ಅದರ ಹಿರಿಯಣ್ಣ ಯುನಿಕ್ಸಿಗೆ 1971ರ ನವೆಂಬರ್ 3ರಂದೇ ಕೈಪಿಡಿ ಬಂದಿತ್ತು. ಇವತ್ತಿಗೂ ಲಿನಕ್ಸಿನಲ್ಲಿ 'ಮ್ಯಾನ್' ಅಂತ ಟೈಪ್ ಮಾಡಿ ಯಾವುದೇ ಆಜ್ಞೆಯ ವಿವರ ನೋಡಬಹುದು. ಅದ್ಭುತವಾದ ವ್ಯವಸ್ಥೆ, ಆದರೆ ಅದು ನಿಘಂಟು. ನಿಘಂಟು ಓದಿ ಯಾರೂ ಭಾಷೆ ಕಲಿತಿಲ್ಲ. ಡೇನಿಯೆಲೆ ಪ್ರೊಸಿಡಾ ಅನ್ನುವವರು ತಾಂತ್ರಿಕ ಬರವಣಿಗೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮುಗಿಸಿಕೊಡುವ ಸೂಚನೆ, ಹುಡುಕಿ ನೋಡುವ ಆಕರ, ಯಾಕೆ ಹೀಗೆ ಅಂತ ತಿಳಿಸುವ ವಿವರಣೆ. ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿಯೂ ತನ್ನ ಕೈಪಿಡಿಗಳಿಗೆ ಈ ವಿಂಗಡಣೆಯನ್ನೇ ಹಿಡಿದಿದೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳೋದಾದರೆ, ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಗ್ಗರಣೆ ಹಾಕೋದು ಕಲಿಸುವುದು ಬೇರೆ, ಬಿಸಿಬೇಳೆಬಾತಿನ ರೆಸಿಪಿ ಬೇರೆ. ಹೊಸಬರಿಗೆ ನಾವು ಕೊಡುತ್ತಿರುವುದು ಬಹುಪಾಲು ರೆಸಿಪಿ, ಅದೂ ಒಲೆ ಹಚ್ಚೋದು ಗೊತ್ತಿರುವವರಿಗೆ ಬರೆದದ್ದು.

ನಮ್ಮ ಕಡೆಯ ಒಲೆ ಹಚ್ಚುವ ಕಥೆಯೇ ಬೇರೆ. ಉಬುಂಟು 24.04ರ ಇನ್‌ಸ್ಟಾಲ್ ಫೈಲ್ ಸುಮಾರು 6 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಫೋನ್ ಪ್ಯಾಕಿನಲ್ಲಿ ಅದು ನಾಲ್ಕು ದಿನದ ಕೆಲಸ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಸುಮಾರು 3 ಜಿಬಿ, 4 ಜಿಬಿ ರ‍್ಯಾಮಿನ ಹಳೆಯ ಮಷೀನಿಗೂ ಅದೇ ವಾಸಿ. 'ಡೌನ್‌ಲೋಡ್ ಮಾಡಿಕೊಳ್ಳಿ' ಅಂತ ಎರಡು ಪದದಲ್ಲಿ ಮುಗಿಸುವ ಮಾರ್ಗದರ್ಶಿಗಳು ಈ ಲೆಕ್ಕ ಕೊಡುವುದೇ ಇಲ್ಲ. ಹಿಂದೆ ಉಬುಂಟುವಿನವರು ಕೇಳಿದವರಿಗೆಲ್ಲಾ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು; 2011ರಲ್ಲಿ ನಿಲ್ಲಿಸಿದರು. ಆ ಸಿಡಿಯ ಜಾಗ ಈಗ ನೀವು ತುಂಬಬಹುದು. ಆಫೀಸಿನಲ್ಲೋ ಪಿಜಿಯಲ್ಲೋ ವೈಫೈ ಇರುತ್ತದಲ್ಲ, ಹಬ್ಬಕ್ಕೆ ಊರಿಗೆ ಹೊರಡುವಾಗ ಬರೆದು ತಯಾರಾದ 8 ಜಿಬಿ ಪೆನ್‌ಡ್ರೈವ್ ಬ್ಯಾಗಿನಲ್ಲಿರಲಿ.

ಆಮೇಲೆ ಕರೆಂಟು. 'ಚಾರ್ಜರ್ ಸಿಕ್ಕಿಸಿಡಿ' ಅಂತ ಬರೆದರೆ ಸಾಲದು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷಕ್ಕೆ ಮಲಗುತ್ತದೆ. ಡಿಸ್ಕಿನಲ್ಲಿ ವಿಂಡೋಸಿನ ಜಾಗ ಕುಗ್ಗಿಸುವ ಹೊತ್ತಿಗೆ ಕರೆಂಟ್ ಹೋದರೆ ಎರಡೂ ಕಡೆಯೂ ನಷ್ಟ. ಹಾಗಾಗಿ ಪುಟದಲ್ಲಿ ಹೀಗೇ ಬರೆಯಬೇಕು: ಮೊದಲು ಚಾರ್ಜರ್ ತೆಗೆದು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿಕೊಳ್ಳಿ, ಮುಕ್ಕಾಲು ಗಂಟೆ ನಿಲ್ಲದಿದ್ದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ. ಅದಕ್ಕೂ ಮೊದಲು ಫೋಟೊ, ನೋಟ್ಸು, ಅಂಕಪಟ್ಟಿ ಎಲ್ಲವನ್ನೂ ಬೇರೆ ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕಾಪಿ ಆಯಿತು ಅಂತ ಅಂದುಕೊಳ್ಳುವುದು ಬೇರೆ, ತೆರೆದು ನೋಡುವುದು ಬೇರೆ. ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮತ್ತೆ, ಮನೆಯಲ್ಲಿ ಕಂಪ್ಯೂಟರ್ ಇರುವುದೇ ಒಂದು. ಅದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗ ಮಾರ್ಗದರ್ಶಿ ಓದಬೇಕಾದ್ದು ಫೋನಿನಲ್ಲಿ. ಆದ್ದರಿಂದ ಚಿತ್ರಗಳು ಫೋನಿನ ಅಗಲಕ್ಕೆ ಕಾಣಬೇಕು, ಪುಟ ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಹೋಗಬೇಕು, ನೆಟ್ ಇಲ್ಲದಿದ್ದರೂ ತೆರೆಯಬೇಕು. ಬೂಟ್ ಮೆನು ತೆರೆಯುವ ಕೀ ಯಾವುದು ಅನ್ನುವ ಸಣ್ಣ ಪಟ್ಟಿ ಅದರಲ್ಲಿರಬೇಕು: ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್ 12, ಎಚ್‌ಪಿ ಆದರೆ ಎಫ್ 9.

ಪೆನ್‌ಡ್ರೈವಿನಿಂದ ಶುರು ಮಾಡಿದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸಿ ನೋಡಬಹುದು. ಇದಕ್ಕೆ 'ಲೈವ್' ಅನ್ನುತ್ತಾರೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಮಾರ್ಗದರ್ಶಿಗಳಲ್ಲಿ ಇದಕ್ಕಿಂತ ಅವಸರದಲ್ಲಿ ದಾಟಿಸುವ ಭಾಗವೂ ಇಲ್ಲ! ಎರಡು ದಿನ ಹಾಗೇ ಬಳಸಿ ನೋಡಿ. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ಆನ್ ಆಗುತ್ತಾ ನೋಡಿ. ಡಿಸ್ಕಿನಲ್ಲಿರುವ ವಿಂಡೋಸಿಗೆ ಏನೂ ಆಗೋದಿಲ್ಲ. ವೈಫೈ ಬರದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ನೆಟ್ ಬರುತ್ತದೆ, ಆಮೇಲೆ ವೈಫೈಗೆ ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು. ಈ ಒಂದು ಸಾಲು ಸಿಗದೆ ಎಷ್ಟು ಜನ ವಾಪಸ್ ಹೋಗಿದ್ದಾರೋ.

ಕಾಸರಗೋಡಿನ ಮಕ್ಕಳ ಪುಸ್ತಕ

ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ಹರಿಪ್ರಸಾದ್ ನಾಡಿಗರು 'ಸಂಪದ' ಕಟ್ಟಿದ ಕಾಲದಿಂದ ಲಿನಕ್ಸ್ ಬಗ್ಗೆ ಕನ್ನಡದಲ್ಲಿ ಬರೆಯುವ ಸಣ್ಣ ಗುಂಪೊಂದು ಇದೆ. ಓಂಶಿವಪ್ರಕಾಶ್ 'ಲಿನಕ್ಸಾಯಣ' ಅನ್ನುವ ಚೆಂದದ ಹೆಸರಿನಲ್ಲಿ ಕಂತು ಕಂತಾಗಿ ಬರೆದರು. ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರಿನಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿತು. ಅದರಿಂದ ಹುಟ್ಟಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ವಿಕಿಯಲ್ಲಿ ಉಬುಂಟು ಬಳಕೆಯ ಪುಟಗಳಿವೆ. ಮೇಷ್ಟ್ರುಗಳಿಗೆ ಬರೆದದ್ದಾದ್ದರಿಂದ ಅವು ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತವೆ.

ಆದರೆ ನಿಜವಾದ ಪಾಠ ಇರುವುದು ಗಡಿಯಾಚೆ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರು ಮಾಡಿ, ಕೆಲವು ವರ್ಷಗಳಲ್ಲೇ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಲ್ಲಿ ಆ ಯೋಜನೆ 'ಕೈಟ್' ಅನ್ನುವ ಸಂಸ್ಥೆ ಆಯಿತು. ಅವರದ್ದೇ ಲಿನಕ್ಸ್ ಇದೆ, ಉಬುಂಟುವಿನ ಮೇಲೆ ಕಟ್ಟಿದ್ದು. ಅದಕ್ಕೆ ತಕ್ಕ ಐಸಿಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬರುತ್ತದೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಹುಡುಗಿ ಲಿನಕ್ಸಿನಲ್ಲಿ ಫೋಲ್ಡರ್ ಮಾಡೋದು, ಇಂಕ್‌ಸ್ಕೇಪಿನಲ್ಲಿ ಚಿತ್ರ ಬಿಡಿಸೋದು, ಲಿಬ್ರೆ ಆಫೀಸಿನಲ್ಲಿ ಪತ್ರ ಬರೆಯೋದನ್ನು ಕನ್ನಡ ಪುಸ್ತಕ ನೋಡಿಕೊಂಡು ಕಲಿಯುತ್ತಾಳೆ, ಅದರಲ್ಲೇ ಪರೀಕ್ಷೆಯನ್ನೂ ಬರೆಯುತ್ತಾಳೆ. ಕನ್ನಡದಲ್ಲಿ ಇಂಥ ಪುಸ್ತಕ ಸಾಧ್ಯವೇ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸೋದು. ಕರ್ನಾಟಕದ ಹೊರಗೆ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಒಳಗಿನ ಕಡೂರಿನ ಮಕ್ಕಳ ಕೈಗೆ ಇನ್ನೂ ಸಿಕ್ಕಿಲ್ಲ ಅನ್ನೋದು ಸ್ವಲ್ಪ ಚುಚ್ಚುತ್ತದೆ.

ಆ ಪುಸ್ತಕ ಕೆಲಸ ಮಾಡುವುದಕ್ಕೆ ಕಾರಣ ಸರಳ. ಎಲ್ಲರ ಮುಂದೆಯೂ ಒಂದೇ ತಂತ್ರಾಂಶ, ಒಂದೇ ಆವೃತ್ತಿ. ಪುಸ್ತಕದ ಚಿತ್ರವೂ ಪರದೆಯೂ ಒಂದೇ. ನಾವು ಊರಿಗೆ ಬರೆಯುವಾಗಲೂ ಇದೇ ನಿಯಮ ಹಿಡಿಯಬೇಕು. 'ಉಬುಂಟು, ಫೆಡೋರಾ, ಮಿಂಟ್, ಡೆಬಿಯನ್, ಯಾವುದಾದರೂ ಹಾಕ್ಕೊಳ್ಳಿ' ಅನ್ನುವುದು ಉದಾರವಾದ ಮಾತು, ಆದರೆ ಹೊಸಬರಿಗೆ ಅದು ಶಿಕ್ಷೆ. ಒಂದನ್ನೇ ಆರಿಸಿ, ಅದರ ಒಂದೇ ಆವೃತ್ತಿಗೆ ಬರೆಯಿರಿ.

ಕಡತವೋ ಫೈಲೋ?

ಈ ಜಗಳ ಕನ್ನಡದಲ್ಲಿ ಹಳೆಯದು. ಕನ್ನಡಕ್ಕೆ ತಂದ ಲಿನಕ್ಸ್ ಪರದೆಗಳಲ್ಲಿ ಫೈಲ್ ಅಂದರೆ ಕಡತ, ಫೋಲ್ಡರ್ ಅಂದರೆ ಕಡತಕೋಶ, ಪಾಸ್‌ವರ್ಡ್ ಅಂದರೆ ಗುಪ್ತಪದ. ನನಗೆ ಕಡತ ಇಷ್ಟ. ತಾಲ್ಲೂಕು ಕಚೇರಿ ಹತ್ತಿದವರಿಗೆಲ್ಲಾ ಗೊತ್ತಿರುವ ಪದ. ಆದರೆ ನನ್ನ ಇಷ್ಟ ಇಲ್ಲಿ ಮುಖ್ಯ ಅಲ್ಲ. ಓದುವವರ ಪರದೆಯ ಮೇಲೆ ಏನಿದೆಯೋ ಪುಟದಲ್ಲೂ ಅದೇ ಇರಬೇಕು. ಪರದೆ ಇಂಗ್ಲಿಷಿನಲ್ಲಿದ್ದರೆ 'ಸೆಟ್ಟಿಂಗ್ಸ್ ಒತ್ತಿ' ಅನ್ನಿ, 'ಸಿದ್ಧತೆಗಳನ್ನು ಒತ್ತಿ' ಅಂದರೆ ಅವರು ಹುಡುಕುತ್ತಲೇ ಇರುತ್ತಾರೆ. ಪರದೆ ಕನ್ನಡದಲ್ಲಿದ್ದರೆ ಕಡತಕೋಶ ಅಂತಲೇ ಬರೆದು, ಮೊದಲ ಸಲ ಮಾತ್ರ 'ಫೋಲ್ಡರ್ ಅಂತಾರಲ್ಲ ಅದು' ಅಂತ ಸೇರಿಸಿ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಕೊನೆಯವರೆಗೂ ತಲೆಕೆಡಿಸಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಬರವಣಿಗೆ ನೋಡಿ. ಯಂತ್ರದ ವಿಷಯ ಬಂದಾಗ ಅವರು ಪದಕ್ಕಾಗಿ ಒದ್ದಾಡುವುದಿಲ್ಲ, ನಟ್ಟು ಬೋಲ್ಟನ್ನು ನಟ್ಟು ಬೋಲ್ಟು ಅಂತಲೇ ಕರೆದು ಮುಂದೆ ಹೋಗುತ್ತಾರೆ.

ಕನ್ನಡದವರಿಗೆ ಮಾತ್ರ ಬರುವ ತೊಂದರೆಗಳೂ ಇವೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಅವಕ್ಕೆ ಜಾಗವೇ ಇಲ್ಲ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದವರು ಮೊದಲು ಕೇಳೋದು "ನುಡಿ ಬರುತ್ತಾ?" ಅಂತ. ವಿಂಡೋಸಿನ ನುಡಿ ತಂತ್ರಾಂಶ ಹಾಗೇ ಇಲ್ಲಿ ಓಡುವುದಿಲ್ಲ. ಆದರೆ ಕೀಬೋರ್ಡ್ ಸೆಟ್ಟಿಂಗ್ಸಿನ ಕನ್ನಡ ಪಟ್ಟಿಯಲ್ಲಿ ಕಗಪ ಅನ್ನುವ ಆಯ್ಕೆ ಮೊದಲೇ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಅದೇ ಕೀಲಿಮಣೆ. ಬೆರಳಿನ ಅಭ್ಯಾಸ ಬಹುಪಾಲು ಹಾಗೇ ಉಳಿಯುತ್ತದೆ. ಆಮೇಲೆ ಹಳೆಯ ನುಡಿ, ಬರಹ ಫಾಂಟಿನ ಡಾಕ್ಯುಮೆಂಟು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಲಿನಕ್ಸ್ ಫೈಲ್ ಹಾಳು ಮಾಡಿತು ಅಂತ ಜನ ಗಾಬರಿ ಆಗುತ್ತಾರೆ. ಹಾಳಾಗಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು, ಅಷ್ಟೇ. ಅರವಿಂದ ವಿ.ಕೆ. ಮಾಡಿರುವಂಥ ಪರಿವರ್ತಕದಿಂದ ಅದನ್ನು ಯುನಿಕೋಡಿಗೆ ತಂದುಕೊಳ್ಳಬಹುದು.

ಇನ್ನೊಂದು ಗಾಬರಿ ಗಡಿಯಾರದ್ದು. ವಿಂಡೋಸ್, ಲಿನಕ್ಸ್ ಎರಡೂ ಇರುವ ಮಷೀನಿನಲ್ಲಿ ಕೆಲವು ಸಲ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಒಂದು ವ್ಯವಸ್ಥೆ ಮಷೀನಿನ ಒಳಗಿನ ಗಡಿಯಾರವನ್ನು ಗ್ರೀನಿಚ್ ಸಮಯ ಅಂದುಕೊಳ್ಳುತ್ತದೆ, ಇನ್ನೊಂದು ನಮ್ಮ ಸಮಯ ಅಂದುಕೊಳ್ಳುತ್ತದೆ. ಒಂದು ಸಾಲಿನ ಆಜ್ಞೆಯಿಂದ ಸರಿ ಹೋಗುತ್ತದೆ. ಆದರೆ ಆ ಆಜ್ಞೆ ಬರೆಯುವ ಟರ್ಮಿನಲ್ ಪರದೆಯಲ್ಲಿ ಮತ್ತೊಂದು ಗಾಬರಿ ಕಾದಿರುತ್ತದೆ: ಬಹಳಷ್ಟು ಲಿನಕ್ಸ್‌ಗಳಲ್ಲಿ ಅಲ್ಲಿ ಪಾಸ್‌ವರ್ಡ್ ಹೊಡೆದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಹೊಡೆದು ಎಂಟರ್ ಒತ್ತಿ, ಅಂತ ಯಾರಾದರೂ ಬರೆದಿಡಬೇಕು.

ಬೇಡ ಅಂತಲೂ ಬರೆಯಿರಿ

ಲಿನಕ್ಸ್ ಪ್ರೀತಿಸುವವರು ಬರೆದ ಪುಟಗಳಲ್ಲಿ ಒಂದು ಅಧ್ಯಾಯ ಯಾವಾಗಲೂ ಕಾಣೆ: ಯಾರು ಹಾಕಿಕೊಳ್ಳಬಾರದು. ಬೀರೂರಿನಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾ ಟ್ಯಾಲಿಯಲ್ಲಿ ಲೆಕ್ಕ ಇಡುವವರಿಗೆ ಬೇಡ. ಟ್ಯಾಲಿ ಲಿನಕ್ಸಿಗೆ ನೇರವಾಗಿ ಬರುವುದಿಲ್ಲ. ಪೂರ್ತಿ ಎಂಎಸ್ ಆಫೀಸೇ ಬೇಕು ಅನ್ನುವವರಿಗೆ ಬೇಡ. ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಮನೆಯಿಂದ ಕ್ಯಾಮೆರಾ ಮುಂದೆ ಆನ್‌ಲೈನ್ ಪರೀಕ್ಷೆ ಬರೆಯುವವರು ಮೊದಲು ವಿಚಾರಿಸಿಕೊಳ್ಳಬೇಕು. ಪ್ರಿಂಟರ್ ಇದ್ದರೆ ಅದರ ಮಾಡೆಲ್ ನೋಡಬೇಕು. ಬ್ರೌಸರ್, ಯೂಟ್ಯೂಬ್ ಪಾಠ, ಪಿಡಿಎಫ್, ಅರ್ಜಿ, ಪತ್ರ, ಫೋಟೊ ಇಷ್ಟೇ ಸಾಕು ಅನ್ನುವವರಿಗೆ ಏನೂ ಯೋಚನೆ ಇಲ್ಲ. ಊರಿನ ಲ್ಯಾಪ್‌ಟಾಪುಗಳಲ್ಲಿ ನಾನು ಕಂಡಂತೆ ನಡೆಯುವುದು ಬಹುತೇಕ ಇಷ್ಟೇ.

ನೀವೇ ಬರೆಯುವುದಾದರೆ ಯಾರ ಅಪ್ಪಣೆಯೂ ಬೇಕಿಲ್ಲ. ಉಬುಂಟುವಿನ ಸಹಾಯ ಪುಟಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಮೂಲದ ಹೆಸರು ಹೇಳಿ, ನಿಮ್ಮದನ್ನೂ ಅದೇ ಪರವಾನಗಿಯಲ್ಲಿ ಬಿಟ್ಟರೆ ತೆಗೆದು, ತಿದ್ದಿ, ಕನ್ನಡಿಸಿ ಹಂಚಬಹುದು. ಪರದೆಯ ಮೇಲಿನ ಪದಗಳನ್ನೇ ಕನ್ನಡಕ್ಕೆ ತರುವ ಆಸೆ ಇದ್ದರೆ ಗ್ನೋಮ್ ಯೋಜನೆಯ ಅನುವಾದ ತಾಣಕ್ಕೆ ಹೋಗಿ. ಅದರ ಹೆಸರು 'ಡ್ಯಾಮ್ಡ್ ಲೈಸ್', ತಮಾಷೆಯಲ್ಲ, ಅದೇ ಹೆಸರು. ಲಿನಕ್ಸಿನಲ್ಲಿ ಇಪ್ಪತ್ತು ವರ್ಷ ಪಳಗಿದವರೇ ಬರೆಯಬೇಕು ಅಂತಿಲ್ಲ. ಆರು ತಿಂಗಳ ಹಿಂದೆ ಕಲಿತವರು ಬರೆದರೆ ಇನ್ನೂ ವಾಸಿ, ಎಲ್ಲಿ ಎಡವಿದ್ದೆ ಅಂತ ಅವರಿಗೆ ನೆನಪಿರುತ್ತದೆ.

ಬರೆದಾದ ಮೇಲೆ ಕಳಿಸಿ ಸುಮ್ಮನಾಗಬೇಡಿ. ಲ್ಯಾಪ್‌ಟಾಪ್ ಪಕ್ಕ ಒಬ್ಬರನ್ನು ಕೂರಿಸಿ, ಪುಟ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ನೋಡಿ. ಅವರು ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೋ ಆ ಸಾಲು ಮತ್ತೆ ಬರೆಯಬೇಕು. ಮತ್ತೆ, ಪುಟದ ನೆತ್ತಿಯ ಮೇಲೆ ತಾರೀಖು ಮತ್ತು ಆವೃತ್ತಿಯ ಸಂಖ್ಯೆ ಹಾಕಿ. ಉಬುಂಟು 24.04, ಅದನ್ನೇ ಆಧರಿಸಿದ ಮಿಂಟ್ 22 ಎರಡಕ್ಕೂ 2029ರವರೆಗೆ ಬೆಂಬಲ ಇದೆ. ಈ ಯುಗಾದಿಗೆ ಬರೆದ ಪುಟವನ್ನು 2029ರ ಯುಗಾದಿಗೆ ಇನ್ನೊಂದು ಸಲ ತಿದ್ದಬೇಕಾಗುತ್ತದೆ, ಅದನ್ನೂ ಅಲ್ಲೇ ಕೆಳಗೆ ಬರೆದಿಡಿ.